ಇಶಾಪುರದ ರೈಫಲು ಮತ್ತು ಮರಳುಕಾಗದ

ನನ್ನ ಅಕ್ಕನ ಮಗ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿದ್ದಾನೆ. ಎರಡು ವರ್ಷಗಳ ಹಿಂದೆ ಒಂದು ರಾತ್ರಿ ಫೋನು ಮಾಡಿ, "ಮಾಮಾ, ಅಜ್ಜ ಹಿಡೀತಿದ್ರಲ್ಲ, ಅಂಥಾದ್ದ ಒಂದು ಬಂದೂಕು ತಗೊಂಡೀನ್ರಿ. ನಮ್ಮ ದೇಶದ್ದ ಮಾಲು," ಎಂದ. ನಾನು ಗಾಬರಿಯಾದೆ. ಆ ದೇಶದ ಶಾಲೆಗಳಲ್ಲಿ, ಅಂಗಡಿಗಳಲ್ಲಿ ನಡೆಯುವ ಗುಂಡಿನ ಸುದ್ದಿಗಳನ್ನು ಓದಿದ ಯಾರಿಗಾದರೂ ಆಗುವ ಗಾಬರಿ ಅದು. ಅವನು ನಕ್ಕ. "ಹೊಡ್ಯಾಕ ಅಲ್ರಿ, ರಿಪೇರಿ ಮಾಡಾಕ."

ಆ ರಿಪೇರಿಯ ಬಗ್ಗೆ ನಮ್ಮಿಬ್ಬರಿಗೂ ನಡೆದ ವಾದ ಮನೆಯೊಳಗಿನ ಮಾತಾಗಿಯೇ ಉಳಿಯಬಹುದಿತ್ತು. ಆದರೆ ಅದು ಬೆಳೆಯುತ್ತ ಹೋದಂತೆ, ಹಳೆಯದನ್ನು ನಾವು ಏನು ಮಾಡುತ್ತೇವೆ, ಯಾವುದನ್ನು ಉಳಿಸುತ್ತೇವೆ, ಯಾರ ಗುರುತನ್ನು ಅಳಿಸುತ್ತೇವೆ ಎಂಬ ಪ್ರಶ್ನೆಗಳಿಗೆ ಬಂದು ನಿಂತಿತು. ಹೊರನಾಡಿನಲ್ಲಿ ಕುಳಿತು ಸಂಸ್ಕೃತಿಯ ಉಳಿವಿನ ಬಗ್ಗೆ ನೂರು ಸಭೆಗಳನ್ನು ಮಾಡಿದ ನಮ್ಮಂಥವರು ಒಮ್ಮೆಯಾದರೂ ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವು.

ವಸ್ತು ಯಾವುದೆಂದು ಮೊದಲು ಹೇಳಿಬಿಡುತ್ತೇನೆ. ಅದು ಲೀ-ಎನ್‌ಫೀಲ್ಡ್ ವಂಶದ ರೈಫಲು. ನಮ್ಮ ಪೊಲೀಸರ, ಎನ್‌ಸಿಸಿ ಹುಡುಗರ ಬಾಯಲ್ಲಿ 'ತ್ರೀ-ನಾಟ್-ತ್ರೀ', ಎಂದರೆ.೩೦೩ ಅಂಗುಲದ ನಳಿಗೆ. ಹತ್ತು ಗುಂಡು ಹಿಡಿಯುವ ಮ್ಯಾಗಜೀನು, ಹೆಚ್ಚುಕಡಿಮೆ ನಾಲ್ಕು ಕಿಲೋ ತೂಕ, ನೆಟ್ಟಗೆ ನಿಲ್ಲಿಸಿದರೆ ಎದೆಯ ಕೆಳಗೆ ಬರುವಷ್ಟು ಉದ್ದ. ಪ್ರತಿಯೊಂದು ಗುಂಡಿಗೂ ಬೋಲ್ಟನ್ನು ಕೈಯಿಂದ ಹಿಂದಕ್ಕೆಳೆದು ಮುಂದಕ್ಕೆ ದೂಡಬೇಕು. ಆದರೂ ಪಳಗಿದ ಸಿಪಾಯಿ ನಿಮಿಷಕ್ಕೆ ೧೫ ಗುಂಡುಗಳನ್ನು ಗುರಿಯಿಟ್ಟು ಹಾರಿಸುತ್ತಿದ್ದ. ಇಂಗ್ಲೆಂಡಿನಲ್ಲಿ ಹುಟ್ಟಿದ ಈ ರೈಫಲನ್ನು ಬಂಗಾಳದ ಇಶಾಪುರದ ಕಾರ್ಖಾನೆಯಲ್ಲಿ ಲಕ್ಷಗಟ್ಟಲೆ ತಯಾರಿಸಿದರು. ಇಶಾಪುರ ಇರುವುದು ಹೂಗ್ಲಿಯ ದಂಡೆಯಲ್ಲಿ, ಬ್ಯಾರಕ್‌ಪುರದ ನೆರೆಯಲ್ಲಿ. ೧೮೫೭ರಲ್ಲಿ ಮಂಗಲ ಪಾಂಡೆ ತನ್ನ ಅಧಿಕಾರಿಗಳ ಮೇಲೆ ಗುಂಡು ಹಾರಿಸಿದ ಬ್ಯಾರಕ್‌ಪುರ ಅದೇ. ಆ ದಂಗೆಯ ಬಳಿಕ ಎಷ್ಟೋ ವರ್ಷಗಳ ಕಾಲ ಭಾರತೀಯ ಸಿಪಾಯಿಯ ಕೈಗೆ ಗೋರಾ ಸೋಲ್ಜರನ ಆಯುಧಕ್ಕಿಂತ ಒಂದು ತಲೆಮಾರು ಹಳೆಯದಾದ ಆಯುಧವನ್ನೇ ಕೊಡುವುದು ಸರಕಾರದ ಎಚ್ಚರಿಕೆಯ ನೀತಿಯಾಗಿತ್ತು. ಹಳೆಯ ಬಂದೂಕು ನಮ್ಮವರ ಪಾಲಿಗೆ ಬರುವ ಪದ್ಧತಿ ಅಲ್ಲಿಂದಲೇ ಆರಂಭವಾಯಿತೆನ್ನಬಹುದು.

ನನ್ನ ಸೋದರಳಿಯನ ರೈಫಲಿನ ಬಲಮಗ್ಗುಲಲ್ಲಿ, ಬೋಲ್ಟಿನ ಹಿಂದೆ, ಕಬ್ಬಿಣದ ಮೇಲೆ ಒಂದು ಕಿರೀಟ. ಅದರ ಕೆಳಗೆ 'ಜಿ.ಆರ್.ಐ.', ಎಂದರೆ ಜಾರ್ಜ್ ದೊರೆ, ಚಕ್ರವರ್ತಿ. ಅದರ ಕೆಳಗೆ 'ಆರ್.ಎಫ್.ಐ.', ಇಶಾಪುರದ ರೈಫಲು ಕಾರ್ಖಾನೆ, ಇಸವಿ ೧೯೪೩. ಸ್ವಾತಂತ್ರ್ಯದ ನಂತರ ಅದೇ ಜಾಗದಲ್ಲಿ ಕಿರೀಟ ಹೋಗಿ ಅಶೋಕನ ಸಿಂಹಗಳು ಬಂದವು. ರೈಫಲು ಮಾತ್ರ ಅದೇ. ಅವನ ರೈಫಲಿನ ನಳಿಗೆಯ ಮೇಲೆ ಇನ್ನೊಂದು ಮುದ್ರೆಯಿದೆ. ಅಮೆರಿಕಕ್ಕೆ ಆಮದು ಮಾಡಿಕೊಂಡ ವ್ಯಾಪಾರಿ ತನ್ನ ಹೆಸರನ್ನು ಕೊರೆಯಬೇಕೆಂಬುದು ಅಲ್ಲಿಯ ಕಾನೂನು. ಚಕ್ರವರ್ತಿಯ ಮುದ್ರೆ ಮತ್ತು ವ್ಯಾಪಾರಿಯ ಮುದ್ರೆ, ಎರಡರ ನಡುವೆ ಒಂದು ಗೇಣು ಅಂತರ.

ಈ ವ್ಯಾಪಾರಕ್ಕೆ ಅಲ್ಲಿ 'ಸರ್‌ಪ್ಲಸ್' ಎನ್ನುತ್ತಾರೆ. ಸೈನ್ಯಕ್ಕೆ ಬೇಡವಾದದ್ದು, ಹೆಚ್ಚುವರಿಯಾದದ್ದು ಎಂದರ್ಥ. ೧೯೬೮ರ ಕಾಯ್ದೆ ಇಂಥ ಸೈನಿಕ ಬಂದೂಕುಗಳ ಆಮದನ್ನು ಅಲ್ಲಿ ತಡೆದಿತ್ತು. ೧೯೮೦ರ ದಶಕದಲ್ಲಿ, ಐವತ್ತು ವರ್ಷ ಮೀರಿದ ಹಳೆಯ ಆಯುಧಗಳಿಗೆ ಸಂಗ್ರಾಹಕರ ಹೆಸರಿನಲ್ಲಿ ಬಾಗಿಲು ತೆರೆಯಿತು. ಆಮೇಲೆ ಹಡಗುಗಟ್ಟಲೆ ಬಂದವು. ೧೯೯೦ರ ದಶಕದಲ್ಲಿ ಇಶಾಪುರದ ರೈಫಲುಗಳು ನೂರು ಡಾಲರಿಗೂ ಕಡಿಮೆ ಬೆಲೆಗೆ, ಪೀಪಾಯಿಯಲ್ಲಿ ಕೊಡೆಗಳನ್ನು ನಿಲ್ಲಿಸಿದ ಹಾಗೆ ನಿಲ್ಲಿಸಿ ಮಾರಾಟವಾದವು. ಈಗ ಬೆಲೆ ಅದರ ಹಲವು ಪಟ್ಟು ಏರಿದೆಯಂತೆ. ಹೀಗೆ ಕೊಂಡ ರೈಫಲಿನ ಗ್ರೀಸನ್ನು ತೆಗೆದು, ತುಕ್ಕು ಕಳೆದು, ಮರಕ್ಕೆ ಎಣ್ಣೆ ಕುಡಿಸಿ ಮತ್ತೆ ನಿಲ್ಲಿಸುವುದು ಅಲ್ಲಿ ಸಾವಿರಾರು ಮಂದಿಯ ರಜಾದಿನದ ಹವ್ಯಾಸ.

ಈ ಕೆಲಸದಲ್ಲಿ ಕಲಿಯಬೇಕಾದದ್ದು ಬಹಳವಿದೆ ಎಂಬುದನ್ನು ನಾನು ಒಪ್ಪುತ್ತೇನೆ. ಅವನು ವಾರವಾರವೂ ಫೋನಿನಲ್ಲಿ ವರದಿ ಒಪ್ಪಿಸುತ್ತಿದ್ದ. ಮೊದಲ ವಾರವೇ ಒಂದು ಅನಾಹುತ. ಹೆಗಲಿಗೊತ್ತುವ ಮರದ ಬುಡವನ್ನು (ಅದಕ್ಕೆ ಬಟ್ ಎನ್ನುತ್ತಾರೆ) ಬಿಚ್ಚಲು ಹಿಂದಿನಿಂದ ಉದ್ದನೆಯ ತಿರುಪುಳಿ ಹಾಕಿ ಒಳಗಿನ ಬೋಲ್ಟನ್ನು ತಿರುಗಿಸಿದ. ಮುಂದಿನ ಮರ ಚಟ್ಟೆಂದು ಸೀಳಿತು. ಆ ಬೋಲ್ಟಿನ ತುದಿ ಚೌಕಾಕಾರದ್ದು. ಅದು ಮುಂದಿನ ಮರದ ಹಿಂಬದಿಯಲ್ಲಿ ಕೂರಿಸಿದ ತಗಡಿನೊಳಗೆ ಸಿಕ್ಕಿಕೊಂಡಿರುತ್ತದೆ, ಬಟ್ ಸಡಿಲವಾಗದಿರಲೆಂದು. ಆದ್ದರಿಂದ ಮುಂದಿನ ಮರವನ್ನು ಮೊದಲು ಇಳಿಸಿ ಆಮೇಲೆ ಬಟ್ಟಿಗೆ ಕೈ ಹಾಕಬೇಕು. ಸಿಪಾಯಿಗೆ ಇದನ್ನು ಬಿಚ್ಚುವ ಅನುಮತಿಯೇ ಇರಲಿಲ್ಲ. ಅದು ಆರ್ಮರರನ ಕೆಲಸ. ಎಂಜಿನಿಯರಿಂಗ್ ಓದಿದ ನನ್ನ ಅಳಿಯನಿಗೆ ಇದು ಸೀಳಿದ ಮೇಲೆ ತಿಳಿಯಿತು.

ಅದೇ ಮರದಲ್ಲಿ ಅಡ್ಡಲಾಗಿ ಒಂದು ಸ್ಕ್ರೂ ಹಾಯಿಸಿದ್ದು ಅವನಿಗೆ ಕಂಡಿತು. ಯಾರೋ ಮಾಡಿದ ಒರಟು ತೇಪೆಯೆಂದು ಅದನ್ನು ಕಿತ್ತು ರಂಧ್ರ ಮುಚ್ಚುವ ಯೋಚನೆಯಲ್ಲಿದ್ದ. ಅದು ತೇಪೆಯಲ್ಲ. ಮರ ಸೀಳದಿರಲೆಂದು ಇಶಾಪುರದವರು ಅಡ್ಡ ಬಿಗಿದ ತಿರುಪು ಅದು; ಬಲ್ಲವರು ಅದನ್ನು ನೋಡಿಯೇ ಇದು ಭಾರತದ ರೈಫಲು ಎಂದು ಹೇಳುತ್ತಾರೆ. ನಳಿಗೆಯೊಳಗೆ ಅವನು ಕುದಿಯುವ ನೀರು ಹೊಯ್ದದ್ದೂ ಹಳೆಯ ಸಿಪಾಯಿಗಳ ಪದ್ಧತಿಯೇ. ಹಿಂದಿನ ಗುಂಡುಗಳ ಸಿಡಿಮದ್ದು ಉರಿದು ಒಂದು ಬಗೆಯ ಉಪ್ಪನ್ನು ಬಿಡುತ್ತಿತ್ತು. ಎಣ್ಣೆಗೆ ಕರಗದ ಆ ಉಪ್ಪು ಹವೆಯ ತೇವ ಹೀರಿ ನಳಿಗೆಯನ್ನು ತಿಂದುಹಾಕುತ್ತಿತ್ತು. ನೀರಿಗೆ ಮಾತ್ರ ಕರಗುತ್ತಿತ್ತು. ಕಬ್ಬಿಣಕ್ಕೆ ನೀರು ಹೊಯ್ಯುವುದು ನಮಗೆ ವಿಚಿತ್ರವೆನಿಸಿದರೂ ಅದರ ಹಿಂದೆ ಇಷ್ಟು ರಸಾಯನಶಾಸ್ತ್ರವಿದೆ. ಇನ್ನು ಮರಕ್ಕೆ ಕುಡಿಸುವುದು ಅಗಸೆ ಎಣ್ಣೆ. ಬಟ್ಟೆಯಲ್ಲಿ ಅದ್ದಿ, ಅಂಗೈಯಿಂದ ತಿಕ್ಕಿ, ಒಣಗಿಸಿ, ಮತ್ತೆ ತಿಕ್ಕಬೇಕು. ಈ ಮಾತು ಕೇಳಿ ನನ್ನ ಅಕ್ಕ, "ಇಲ್ಲಿ ನಾವು ಅಗಸಿ ಹಿಂಡಿ ಮಾಡಿ ರೊಟ್ಟಿ ಕೂಡ ತಿಂತೀವಿ, ಅಲ್ಲಿ ನೀ ಅದನ್ನ ಬಂದೂಕಿಗೆ ತಿನಸ್ತಿ," ಎಂದಳು.

ಇಲ್ಲಿಯವರೆಗೆ ನನ್ನ ತಕರಾರಿಲ್ಲ. ಕೊಳೆ ತೆಗೆದದ್ದು, ತುಕ್ಕು ನಿಲ್ಲಿಸಿದ್ದು, ಸೀಳಿದ್ದನ್ನು ಅಂಟಿಸಿದ್ದು ಎಲ್ಲವೂ ಸರಿ. ಜಗಳ ಬಂದದ್ದು ಬಟ್ಟಿನ ವಿಷಯಕ್ಕೆ. ಬಟ್ಟಿನ ಮೇಲೆ ಹಳೆಯ ಬಿಳಿ ಬಣ್ಣದಲ್ಲಿ ಅರ್ಧ ಅಳಿಸಿದ ಒಂದು ಅಂಕೆ. ಅದರ ಕೆಳಗೆ ಮರದಲ್ಲೇ ಕೊರೆದ ಇನ್ನೊಂದು ಅಂಕೆ. ಸುತ್ತ ಹತ್ತಾರು ಕಚ್ಚು, ಗೀರು. ಎಲ್ಲವನ್ನೂ ಮರಳುಕಾಗದದಿಂದ ಉಜ್ಜಿ ತೆಗೆದು, ಬಣ್ಣ ಕೊಟ್ಟು, "ಕಾರ್ಖಾನೆಯಿಂದ ಬಂದಾಗ ಹ್ಯಾಂಗಿತ್ತೋ ಹಂಗ" ಮಾಡುತ್ತೇನೆಂದ. ನಾನು ಬೇಡವೆಂದೆ.

ನಮ್ಮ ಊರುಗಳಲ್ಲಿ ಗುಡಿಯ ಜೀರ್ಣೋದ್ಧಾರ ಸಮಿತಿಗಳು ಮಾಡಿದ ಕೆಲಸವನ್ನು ಕಂಡವರಿಗೆ ನನ್ನ ಅಂಜಿಕೆ ಅರ್ಥವಾದೀತು. ಶಾಸನದ ಕಲ್ಲಿಗೆ ಸುಣ್ಣ ಬಳಿಯುತ್ತಾರೆ, ಕಂಬಗಳಿಗೆ ಆಯಿಲ್ ಪೇಂಟು ಹೊಡೆಯುತ್ತಾರೆ, ದೇವರ ಮುಂದೆ ಹೊಳೆಯುವ ಟೈಲ್ಸ್ ಕೂರಿಸುತ್ತಾರೆ, ಭಕ್ತಿಯಿಂದಲೇ ಮಾಡುತ್ತಾರೆ. ಯಾವ ದೊರೆಯ ಕಾಲದಲ್ಲಿ ಯಾರು ಎಷ್ಟು ಮತ್ತರು ಭೂಮಿ ಬಿಟ್ಟರೆಂಬುದು ಸುಣ್ಣದಡಿ ಮುಚ್ಚಿಹೋಗುತ್ತದೆ. ಕಾರ್ಖಾನೆಯಿಂದ ಹೊರಬಿದ್ದ ದಿನ ಆ ರೈಫಲಿಗೆ ಚರಿತ್ರೆಯೇ ಇರಲಿಲ್ಲ. ನನ್ನ ಅಳಿಯ ಮರಳಿಸಲು ಹೊರಟದ್ದು ಆ ದಿನಕ್ಕೆ.

ನನ್ನ ಮಾತಿಗೆ ಇನ್ನೊಂದು ಕಾರಣವಿತ್ತು; ಅದನ್ನು ಅವನಿಗೆ ಹೇಳಲು ಎರಡು ವಾರ ಹಿಡಿಯಿತು.

ನನ್ನ ಅಪ್ಪ ಗದಗಿನ ಕಡೆಯವರು. ಆಗ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಹೀಗಾಗಿ ಮುಂಬಯಿಗೆ ಬಂದು ಪೊಲೀಸರಾದ ನಮ್ಮ ಕಡೆಯ ಹುಡುಗರಿಗೆ ಅದು ಹೊರನಾಡಲ್ಲ, ತಮ್ಮದೇ ರಾಜಧಾನಿ. ಅಪ್ಪ ಸಶಸ್ತ್ರ ವಿಭಾಗದಲ್ಲಿ ಸಾದಾ ಸಿಪಾಯಿ. ಶಸ್ತ್ರಾಗಾರಕ್ಕೆ ಅವರು 'ಕೋತ್' ಎನ್ನುತ್ತಿದ್ದರು. ಡ್ಯೂಟಿಗೆ ಹೋಗುವಾಗ ಕೋತಿನಲ್ಲಿ ತಮ್ಮ ನಂಬರು, ರೈಫಲಿನ ಬಟ್ ನಂಬರು, ಎಣಿಸಿ ಪಡೆದ ಗುಂಡುಗಳ ಲೆಕ್ಕ, ಇವಿಷ್ಟಕ್ಕೂ ರಿಜಿಸ್ಟರಿನಲ್ಲಿ ಸಹಿ. ಮರಳಿದಾಗ ಮತ್ತೆ ಎಣಿಕೆ, ಮತ್ತೆ ಸಹಿ. ಒಂದು ಗುಂಡು ಕಡಿಮೆ ಬಿದ್ದರೆ ವಿಚಾರಣೆ. ಬಟ್ ನಂಬರನ್ನು ಮಕ್ಕಳ ಹೆಸರಿನಷ್ಟೇ ಸಲೀಸಾಗಿ ಹೇಳುತ್ತಿದ್ದರು. ಅವರ ಅಂಗಿಯ ಬಲಹೆಗಲಿಗೆ ಅಗಸೆ ಎಣ್ಣೆಯ ವಾಸನೆಯಿತ್ತು.

೧೯೫೫ರ ನವೆಂಬರಿನಲ್ಲಿ, ಮತ್ತೆ ೧೯೫೬ರ ಜನವರಿಯಲ್ಲಿ, ಮುಂಬಯಿ ಸಹಿತ ಸಂಯುಕ್ತ ಮಹಾರಾಷ್ಟ್ರ ಬೇಕೆಂದು ಬೀದಿಗಿಳಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಆ ಚಳವಳಿಯಲ್ಲಿ ಮಡಿದವರು ನೂರಕ್ಕೂ ಹೆಚ್ಚು ಮಂದಿ. ಫ್ಲೋರಾ ಫೌಂಟನ್ನಿನ ಆವರಣ ಇಂದು ಹುತಾತ್ಮ ಚೌಕವಾಗಿದೆ. ಆಗ ನನಗೆ ಏಳೆಂಟು ವರ್ಷ. ನಮ್ಮ ಚಾಳಿನ ಅಕ್ಕಪಕ್ಕದವರೆಲ್ಲ ಮರಾಠಿಗರು. ಅವರ ಮನೆಯ ಹುಡುಗರು ಮೆರವಣಿಗೆಯಲ್ಲಿದ್ದರು, ನಮ್ಮ ಅಪ್ಪ ಎದುರಿನ ಸಾಲಿನಲ್ಲಿದ್ದರು. ಮೂರು ದಿನ ಅವರು ಮನೆಗೆ ಬರಲಿಲ್ಲ. ಬಂದಮೇಲೆ ಪಕ್ಕದ ಮನೆಯ ಹೆಂಗಸು ಎಂದಿನಂತೆ ಸಕ್ಕರೆ ಕೇಳಲು ಬರಲಿಲ್ಲ. ಹಲವು ತಿಂಗಳು ಬರಲಿಲ್ಲ. ಅದೇ ವರ್ಷದ ನವೆಂಬರ್ ೧ರಂದು ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ನಾವು ಎಲ್ಲಿದ್ದೆವೋ ಅಲ್ಲಿಯೇ ಇದ್ದು ಹೊರನಾಡಿಗರಾದೆವು.

ಅಪ್ಪ ಅಂದು ಗುಂಡು ಹಾರಿಸಿದರೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ೧೯೮೭ರಲ್ಲಿ ತೀರಿಕೊಂಡರು. ಆದರೆ ಕೋತಿನ ಆ ರಿಜಿಸ್ಟರಿಗೆ ಗೊತ್ತಿತ್ತು. ಇಂಥ ದಿನ, ಇಂಥ ನಂಬರಿನ ಸಿಪಾಯಿ, ಇಂಥ ಬಟ್ ನಂಬರು, ಕೊಟ್ಟ ಗುಂಡು ಇಷ್ಟು, ಮರಳಿದ್ದು ಇಷ್ಟು. ಕೆಲವು ವರ್ಷಗಳ ಹಿಂದೆ, ನಿವೃತ್ತಿಯ ಬಿಡುವಿನಲ್ಲಿ, ಒಂದು ಕಚೇರಿಗೆ ಹೋಗಿ ಆ ಕಾಲದ ರಿಜಿಸ್ಟರುಗಳನ್ನು ನೋಡಬಹುದೇ ಎಂದು ವಿಚಾರಿಸಿದೆ. ಅವಧಿ ಮುಗಿದ ದಾಖಲೆಗಳನ್ನು ನಾಶಪಡಿಸಲಾಗಿದೆ ಎಂದು ಸೌಜನ್ಯದಿಂದಲೇ ಹೇಳಿದರು. ರೈಫಲುಗಳು? ಅವೂ ಹೋದವು. ಎಲ್ಲಿಗೆಂದು ಅವರಿಗೂ ತಿಳಿಯದು.

ಈ ಸಂಗತಿ ಕೇಳಿದ ಮೇಲೆ ನನ್ನ ಅಳಿಯ ಹೇಳಿದ ಮಾತು ನನ್ನನ್ನು ಚುಚ್ಚಿತು. "ಮಾಮಾ, ನಿಮ್ಮಲ್ಲಿ ಮುರದು ಕರಗಸ್ತಾರ. ನಾ ಬರೇ ತಿಕ್ಕತೀನಿ. ಇಬ್ಬರೊಳಗ ಯಾರ್ದು ತಪ್ಪು ದೊಡ್ಡದು?"

ಅವನ ಮಾತಿನಲ್ಲಿ ಸತ್ಯವಿದೆ. ನಮ್ಮಲ್ಲಿ ಈ ರೈಫಲನ್ನು ಯಾವ ನಾಗರಿಕನೂ ಕೊಳ್ಳುವಂತಿಲ್ಲ. ೧೯೫೯ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯವಸ್ಥೆಯಲ್ಲಿ ಸೈನ್ಯದ .೩೦೩ ಗುಂಡು ಹಾರಿಸಬಲ್ಲ ಆಯುಧ ನಿಷಿದ್ಧ ವರ್ಗಕ್ಕೆ ಸೇರುತ್ತದೆ. ನಾಗರಿಕರಿಗೆಂದು ಅದೇ ಯಂತ್ರರಚನೆಯ .೩೧೫ ರೈಫಲನ್ನು ಸರಕಾರಿ ಕಾರ್ಖಾನೆ ಬೇರೆಯೇ ಮಾಡಿತು, ಸೈನ್ಯದ ಗುಂಡು ಅದರಲ್ಲಿ ಹೊಗದಿರಲೆಂದು. ಹಾಗಾಗಿ ಸೇವೆ ಮುಗಿಸಿದ ತ್ರೀ-ನಾಟ್-ತ್ರೀಗೆ ಇಲ್ಲಿ ಸಾಮಾನ್ಯವಾಗಿ ಉಳಿಯುವ ದಾರಿ ಕುಲುಮೆಯೊಂದೇ.

ಕಾಯ್ದೆಯನ್ನು ಸಡಿಲಿಸಿ ಎಂದು ನಾನು ಕೇಳುತ್ತಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು. ಹವ್ಯಾಸದ ಹೆಸರಿನಲ್ಲಿ ಮನೆಮನೆಗೆ ಸೈನ್ಯದ ರೈಫಲು ಬರುವ ಸಮಾಜ ನನಗೆ ಬೇಡ. ಕೊಡಗಿನ ಓದುಗರು ಇಲ್ಲಿ ಮುಗುಳ್ನಗಬಹುದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಇದೆ. ಕೇಂದ್ರ ಸರಕಾರ ೨೦೧೯ರಲ್ಲಿ ಅದನ್ನು ೨೦೨೯ರವರೆಗೆ ಮುಂದುವರಿಸಿತು; ಕರ್ನಾಟಕ ಹೈಕೋರ್ಟು ೨೦೨೧ರಲ್ಲಿ ಎತ್ತಿಹಿಡಿಯಿತು. ಆದರೆ ಕೈಲ್‌ಪೊಳ್ದಿನಂದು ತೋಕ್ ಪೂವಿನಿಂದ ಸಿಂಗಾರಗೊಂಡು ಪೂಜೆಗೊಳ್ಳುವ ಕೋವಿಗೆ ಒಂದು ಮನೆಯಿದೆ, ಒಂದು ಒಕ್ಕವಿದೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಎಂಬ ಕಟ್ಟಳೆಯಿದೆ. ಅದು ಸಂಗ್ರಾಹಕನ ವಸ್ತುವಲ್ಲ. ನಮ್ಮ ಸಿಪಾಯಿಯ ರೈಫಲಿಗಾದರೋ ಇದ್ದದ್ದು ಮನೆಯಲ್ಲ, ಒಂದು ಲೆಕ್ಕದ ಪುಸ್ತಕ. ಆ ಪುಸ್ತಕ ಹೋದ ಮೇಲೆ ಅದಕ್ಕೆ ಯಾರೂ ಇಲ್ಲ.

'ಹೆಚ್ಚುವರಿ' ಎಂಬ ಮಾತಿನ ಬಗ್ಗೆಯೂ ನನಗೆ ಸಿಟ್ಟಿದೆ. ೧೯೧೯ರ ಏಪ್ರಿಲ್ ೧೩ರಂದು ಜಲಿಯನ್‌ವಾಲಾ ಬಾಗಿನಲ್ಲಿ ೫೦ ಮಂದಿ ಸಿಪಾಯಿಗಳು ೧೬೫೦ ಗುಂಡು ಹಾರಿಸಿದ್ದು ಇದೇ .೩೦೩ ರೈಫಲುಗಳಿಂದ. ಅದೇ ರೈಫಲನ್ನು ಹಿಡಿದು ನಮ್ಮ ಸೈನಿಕರು ೧೯೬೨ರಲ್ಲಿ ನೇಫಾ ಮತ್ತು ಲದ್ದಾಖಿನ ಚಳಿಯಲ್ಲಿ ಚೀನೀಯರ ಸ್ವಯಂಚಾಲಿತ ಆಯುಧಗಳನ್ನು ಎದುರಿಸಿದರು. ಆಮೇಲೆ ಸೈನ್ಯಕ್ಕೆ ಬೇರೆ ರೈಫಲು ಬಂತು. ಹಳೆಯದು ಪೊಲೀಸರಿಗೆ ಉಳಿಯಿತು. ೨೦೦೮ರ ನವೆಂಬರ್ ೨೬ರ ರಾತ್ರಿ, ನಾವು ದಿನವೂ ಲೋಕಲ್ ಹಿಡಿಯುವ ಛತ್ರಪತಿ ಶಿವಾಜಿ ಟರ್ಮಿನಸ್ಸಿನಲ್ಲಿ, ಎ.ಕೆ. ರೈಫಲು ಹಿಡಿದು ಬಂದ ಇಬ್ಬರ ಎದುರಿಗೆ ಕೆಲವು ಪೊಲೀಸರ ಕೈಯಲ್ಲಿದ್ದದ್ದು ಇದೇ ತ್ರೀ-ನಾಟ್-ತ್ರೀ. ಹಲವರ ಕೈಯಲ್ಲಿ ಲಾಠಿ. ಐವತ್ತಕ್ಕೂ ಹೆಚ್ಚು ಜನ ಅಲ್ಲಿ ಸತ್ತರು. ಉತ್ತರ ಪ್ರದೇಶದ ಪೊಲೀಸರು ಇದಕ್ಕೆ ವಿಧಿವತ್ತಾಗಿ ವಿದಾಯ ಹೇಳಿದ್ದು ೨೦೨೦ರ ಗಣರಾಜ್ಯೋತ್ಸವದಲ್ಲಿ. ಎಂದರೆ, ಪೆನ್ಸಿಲ್ವೇನಿಯಾದಲ್ಲಿ ಒಬ್ಬನು ಇದನ್ನು ಅಜ್ಜನ ಕಾಲದ ಅಪರೂಪದ ವಸ್ತುವೆಂದು ಮಂಚದ ಮೇಲೆ ಗೋಡೆಗೆ ತೂಗುಹಾಕಿದ ಎಷ್ಟೋ ವರ್ಷಗಳ ಬಳಿಕವೂ ಇಲ್ಲಿ ಒಬ್ಬ ಕಾನ್‌ಸ್ಟೇಬಲ್ ಇದನ್ನು ನೆಚ್ಚಿಕೊಂಡು ರಾತ್ರಿ ಪಾಳಿಗೆ ನಿಂತಿದ್ದ. ಅವನ ಪಾಲಿಗೆ ಇದು ಯಾವ ಅರ್ಥದಲ್ಲಿ ಹೆಚ್ಚುವರಿ?

ನಾನು ಕೇಳುವುದು ದೊಡ್ಡದೇನಲ್ಲ. ಬ್ರಿಟನ್ನಿನಲ್ಲಿ ೧೯೮೮ರ ಕಾಯ್ದೆಯಿಂದೀಚೆಗೆ ಬಂದೂಕನ್ನು ಮತ್ತೆಂದೂ ಹಾರಿಸಲಾಗದಂತೆ ನಿಷ್ಕ್ರಿಯಗೊಳಿಸಿ, ಪರೀಕ್ಷಿಸಿ, ಮುದ್ರೆ ಹಾಕಿ ಪ್ರಮಾಣಪತ್ರ ಕೊಡುವ ಪದ್ಧತಿಯಿದೆ. ನಮ್ಮ ರಾಜ್ಯಗಳು ಕುಲುಮೆಗೆ ಕಳಿಸುವ ಸಾವಿರ ರೈಫಲುಗಳಲ್ಲಿ ಹತ್ತನ್ನು ಹೀಗೆ ನಿಷ್ಕ್ರಿಯಗೊಳಿಸಿ ಜಿಲ್ಲಾ ವಸ್ತುಸಂಗ್ರಹಾಲಯಗಳಿಗೆ ಕೊಡಬಾರದೇ? ಕೊಡುವಾಗ ಉಜ್ಜದೆ ಕೊಡಲಿ. ಬಟ್ ನಂಬರಿನೊಂದಿಗೆ, ಆ ನಂಬರಿನ ರಿಜಿಸ್ಟರಿನೊಂದಿಗೆ ಕೊಡಲಿ. ರಿಜಿಸ್ಟರಿಲ್ಲದ ರೈಫಲಿಗಿಂತ ರೈಫಲಿಲ್ಲದ ರಿಜಿಸ್ಟರೇ ಮೇಲು ಎನ್ನುತ್ತೇನೆ. ಅದು ಯಾವ ಕಾಯ್ದೆಗೂ ವಿರುದ್ಧವಲ್ಲ, ಅದಕ್ಕೆ ಬೇಕಾದದ್ದು ಒಂದು ಕಪಾಟು. ಅದರಲ್ಲಿ ನಮಗೆ ಒಗ್ಗದ ಸಂಗತಿಗಳೂ ಹೊರಬಂದಾವು. ಯಾವ ಊರಿನ ಹುಡುಗ ಯಾವ ಊರಿನ ಹುಡುಗನ ಮೇಲೆ ಎಷ್ಟು ಗುಂಡು ಖರ್ಚು ಮಾಡಿದ ಎಂಬ ಲೆಕ್ಕ ಬೆಳಗಾವಿಯ ಹೆಸರಿನಲ್ಲಿ ಇಂದಿಗೂ ಭಾಷಣ ಮಾಡುವ ಎರಡೂ ಕಡೆಯವರಿಗೆ ಕಹಿಯಾದೀತು. ನನ್ನ ಮನೆಗೂ ಕಹಿಯಾದೀತು. ಆದರೂ ನನಗೆ ಅದು ಬೇಕಿತ್ತು.

ಅಳಿಯನೊಂದಿಗಿನ ವಾದ ಪೂರ್ತಿ ತೀರಲಿಲ್ಲ. ನಾನು ಬೇಡವೆನ್ನುವ ಹೊತ್ತಿಗೆ ಅವನು ಮುಂದಿನ ಮರವನ್ನು ಆಗಲೇ ಉಜ್ಜಿ, ಬಣ್ಣ ಕೊಟ್ಟು, ಹೊಳೆಯುವಂತೆ ಮಾಡಿಬಿಟ್ಟಿದ್ದ. ಅಡ್ಡ ತಿರುಪನ್ನು ಮಾತ್ರ ಉಳಿಸಿದ್ದ. ಬಟ್ಟನ್ನು ಹಾಗೆಯೇ ಬಿಟ್ಟಿದ್ದಾನೆ. ಅದರ ಮೇಲಿನ ಅಂಕೆಯ ಮೇಲೆ ತೆಳುಕಾಗದವಿಟ್ಟು ಪೆನ್ಸಿಲಿನಿಂದ ತಿಕ್ಕಿ, ಅಚ್ಚು ತೆಗೆದು ನನಗೆ ಅಂಚೆಯಲ್ಲಿ ಕಳಿಸಿದ. ಅಪ್ಪನ ಬಟ್ ನಂಬರು ಏನಿತ್ತೆಂದು ಅಕ್ಕನನ್ನು ಕೇಳಿದೆ. ಅವಳಿಗೂ ನೆನಪಿಲ್ಲ, ಕೊನೆಯಲ್ಲಿ ಒಂದು ಏಳು ಇತ್ತೆನ್ನುತ್ತಾಳೆ. ಕಾಗದದಲ್ಲಿ ಏಳು ಇಲ್ಲ. ಈಗ ಅವನ ರೈಫಲು ಮುಂದೆ ಹೊಸದಾಗಿ, ಹಿಂದೆ ಹಳೆಯದಾಗಿ, ನೋಡಲು ವಿಕಾರವಾಗಿದೆಯಂತೆ. ಬಂದ ಸ್ನೇಹಿತರು ಇದೇಕೆ ಅರ್ಧಕ್ಕೆ ಬಿಟ್ಟೆ ಎಂದು ಕೇಳುತ್ತಾರೆ. ಮುಂಬಯಿಯಲ್ಲಿರುವ ನಮ್ಮ ಮಾಮಾ ಬಿಡಲಿಲ್ಲ ಎಂದು ಹೇಳುತ್ತೇನೆ, ಎಂದ.